ನೂರ ಎಂಬತ್ತಾರು ರೀ

ಇದನ್ನು ಹೇಳುವ ಯೋಗ್ಯತೆ ನನಗಿದೆಯೇ ಎಂಬುದು ನನಗೇ ಅನುಮಾನ. ನಾನು ಬರೆಯುವವಳಲ್ಲ. ಹಗಲು ದುಡಿದು, ಸಂಜೆ ಆರರಿಂದ ಒಂಬತ್ತರವರೆಗೆ ನಡೆಯುವ ತರಗತಿಗಳಲ್ಲಿ ಓದಿದವಳು. ಆ ಹೊತ್ತಿಗೆ ಪಾಠ ಹೇಳುವವರಿಗೂ ಆಕಳಿಕೆ, ಕೇಳುವವರಿಗೂ ಆಕಳಿಕೆ. ಹಾಗಾಗಿ ನನಗೆ ಗೊತ್ತಿರುವ ಎಲ್ಲದರಲ್ಲೂ ಅಲ್ಲಲ್ಲಿ ತೂತುಗಳಿವೆ. ಸಾಲದ್ದಕ್ಕೆ ತಪ್ಪು ಮಾಡಿದವಳೂ ನಾನೇ. ನಾನೇ ಹೇಳಹೊರಟರೆ ನನ್ನನ್ನು ಉಳಿಸಿಕೊಳ್ಳುವ ಹಾಗೆ ಹೇಳುತ್ತೇನೆಂದು ಯಾರಾದರೂ ಅಂದುಕೊಂಡರೆ ಅದು ಅನ್ಯಾಯವಲ್ಲ. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಆದರೆ ಊರಿನಲ್ಲಿ ಈಗ ಓಡಾಡುತ್ತಿರುವ ಸುದ್ದಿಯ ಪ್ರಕಾರ ನಾನು ಕಂಪ್ಯೂಟರಿನ ಮೇಲೆ ಕಾಫಿ ಚೆಲ್ಲಿದೆನಂತೆ. ನಾನು ಕಾಫಿ ಕುಡಿಯುವುದಿಲ್ಲ. ಅಷ್ಟನ್ನಾದರೂ ತಿದ್ದಬೇಕು.

ನಮ್ಮೂರಿನಲ್ಲಿ ಫೋನು ನಂಬರಿಗೆ ಬಡಿದುಕೊಳ್ಳುವುದಿಲ್ಲ. ರಿಸೀವರ್ ಎತ್ತಿ, ಆ ಮನುಷ್ಯರನ್ನು ನೀವು ಏನೆಂದು ಕರೆಯುತ್ತೀರೋ ಹಾಗೆ ಕರೆಯಬೇಕು. ಆ ಕರೆಗೆ ಅವರು ತಿರುಗಿ ನೋಡುವವರಾದರೆ ಅವರ ಕಡೆಯ ಗಂಟೆ ಬಡಿಯುತ್ತದೆ, ಇಲ್ಲದಿದ್ದರೆ ಇಲ್ಲ. ಹೈಸ್ಕೂಲಿನ ಹೆಡ್‌ಮಾಸ್ತರರಿಗೆ ಊರಿನವರು 'ಮೇಷ್ಟ್ರೇ' ಎಂದರೆ ಬಡಿಯುತ್ತದೆ, ಅವರ ತಾಯಿ 'ಗುಂಡಾ' ಎಂದರೆ ಬಡಿಯುತ್ತದೆ, ತಾಯಿಯೇ 'ಮೇಷ್ಟ್ರೇ' ಎಂದರೆ ಬಡಿಯುವುದಿಲ್ಲ. ಅಕ್ಕಿ ಅಂಗಡಿಯ ತಿಮ್ಮರಾಜುವಿಗೆ ಊರೆಲ್ಲ 'ಕಲ್ಲಪ್ಪ' ಎನ್ನುತ್ತಿತ್ತು, ಅವರ ಅಕ್ಕಿಯನ್ನು ಆರಿಸಿದವರಿಗೆ ಕಾರಣ ಗೊತ್ತು. ಮೂರು ವರ್ಷ ಅವರ ಗಂಟೆ ಬಡಿಯಲೇ ಇಲ್ಲ. ನಾಲ್ಕನೆಯ ವರ್ಷ ಬಡಿಯತೊಡಗಿತು.

ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂಬುದೆಲ್ಲ ಕರೆಮನೆಯ ವಿಳಾಸ ಪುಸ್ತಕದಲ್ಲಿರುತ್ತದೆ. ಕರೆಮನೆ ಎಂದರೆ ಊರಿನ ಎಲ್ಲ ತಂತಿಗಳೂ ಬಂದು ಸೇರುವ ಕಚೇರಿ. ನಾನು ಅಲ್ಲಿ ಹನ್ನೊಂದು ವರ್ಷದಿಂದ ಗುಮಾಸ್ತೆ, ಹೆಸರು ಇಂದುಮತಿ. ಪುಸ್ತಕ ಎಂದರೂ ಅದು ಕಂಪ್ಯೂಟರಿನೊಳಗಿನ ಪುಸ್ತಕ. ಹಳೆಯ ಪ್ರೋಗ್ರಾಂ ನಿಧಾನ, ಒಮ್ಮೊಮ್ಮೆ ಅರ್ಧ ಗಂಟೆ ಮುನಿಸಿಕೊಂಡು ಕೂರುತ್ತಿತ್ತು. ಆದರೆ ಒಂದು ಗುಣವಿತ್ತು, ಪ್ರತಿ ಮನೆಗೂ ಒಂದು ಪುಟ ಕೊಟ್ಟು ಏನು ಬೇಕಾದರೂ ಬರೆದುಕೊಳ್ಳಿ ಎನ್ನುತ್ತಿತ್ತು.

ಹೊಸ ಪ್ರೋಗ್ರಾಂ ಹಾಗಲ್ಲ. ಮೇಲಿನ ಕಚೇರಿಯಿಂದ ಅದು ಬಂದಾಗ ಜೊತೆಗೊಂದು ಸುತ್ತೋಲೆಯೂ ಬಂತು: ಎಲ್ಲ ನಮೂದುಗಳನ್ನೂ ಭಾನುವಾರದೊಳಗೆ ಹೊಸ ನಮೂನೆಗೆ ಬದಲಾಯಿಸತಕ್ಕದ್ದು. ಹೊಸ ನಮೂನೆಯಲ್ಲಿ ಮನೆಗೊಂದು ಪುಟವಿಲ್ಲ, ಊರಿಗೆಲ್ಲ ಒಂದೇ ಪಟ್ಟಿ. ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು, ಸಂಬಂಧ ಎಂದು ನಾಲ್ಕು ಕಾಲಂ.

ನಮ್ಮ ಮೇಲ್ವಿಚಾರಕರಾದ ವಾಮನಮೂರ್ತಿಯವರು ಸುತ್ತೋಲೆಯನ್ನು ಎರಡು ಸಲ ಓದಿ ನನ್ನ ಮೇಜಿನ ಮೇಲಿಟ್ಟರು. "ಸಂಜೆ ಕ್ಲಾಸಿನಲ್ಲಿ ಕಂಪ್ಯೂಟರು ಕಲಿತವರು ನೀವೇ ತಾನೇ. ಮಾಡಿ."

ಮಾಡಿದೆ. ಮೊದಲನೆಯ ಸಲ ಬದಲಾಯಿಸಿದಾಗ ಶೇಷಾದ್ರಿ, ನಾಗಭೂಷಣ ಮೊದಲಾದ ಹನ್ನೊಂದು ಜನರ ಇನಿಷಿಯಲ್ಲು ಮುಂದೆ ಬಂದು, ಹನ್ನೊಂದು ಜನಕ್ಕೂ ಮೊದಲ ಹೆಸರು 'ಟಿ' ಎಂದಾಯಿತು. ಎರಡನೆಯ ಸಲ, 'ದೊಡ್ಡಪ್ಪ, ಮೇಲಿನ ಮನೆ' ಎಂದು ಬರೆದಿದ್ದ ಕಡೆಯಲ್ಲೆಲ್ಲ ಅಲ್ಪವಿರಾಮದ ಹತ್ತಿರ ಕತ್ತರಿ ಬಿದ್ದು, 'ಮೇಲಿನ ಮನೆ' ಎಂಬ ಬೇರೊಬ್ಬ ಮನುಷ್ಯ ಹುಟ್ಟಿದ. ಮೂರನೆಯ ಸಲ ಅಕ್ಷರಗಳೇ ಕೆಟ್ಟವು. ಪಾರ್ವತಿ, ಧರ್ಮಣ್ಣ, ಕೀರ್ತಿ ಹೀಗೆ ಅರ್ಕಾವತ್ತು ಇರುವ ಹೆಸರುಗಳಲ್ಲಿ ಅರ್ಕಾವತ್ತಿನ ಬದಲು ಬಾಲ ಮುರಿದ ಯಾವುದೋ ಪರದೇಶದ ಅಕ್ಷರ ಕೂತಿತ್ತು. ಅದನ್ನು ಓದಲು ಯಾರಿಗೂ ಬಾಯಿ ಬರುವಂತಿರಲಿಲ್ಲ. ನಾನು ಮೂರು ದಿನ ಕೂತು ಮುನ್ನೂರ ನಾಲ್ಕು ಅರ್ಕಾವತ್ತುಗಳನ್ನು ಕೈಯಾರೆ ಕೂರಿಸಿದೆ. ನಾಲ್ಕನೆಯ ದಿನ ಕಣ್ಣು ಮುಚ್ಚಿದರೆ ಬರೀ ಅರ್ಕಾವತ್ತು.

ಭಾನುವಾರ ಸಂಜೆ ಕೊನೆಯ ಹಂತ. ಅಮ್ಮ, ಅಪ್ಪ, ಅಕ್ಕ, ಭಾವ ಇಂಥವೆಲ್ಲ ಸಂಬಂಧದ ಕಾಲಂಗೆ ಹೋಗಿ, ಯಾವ ಮನೆಯ ಅಮ್ಮ ಆ ಮನೆಗೇ ಅಂಟಿಕೊಂಡು ಉಳಿದಿದ್ದರು. ನನಗೆ ಸಮಾಧಾನವಾಗಿತ್ತು. ಆಗ ಪ್ರೋಗ್ರಾಂ ಒಂದು ಪ್ರಶ್ನೆ ಕೇಳಿತು: 'ಒಂದನ್ನೊಂದು ಹೋಲುವ ನೂರ ಎಂಬತ್ತಾರು ನಮೂದುಗಳಿವೆ. ಒಂದುಗೂಡಿಸಲೇ?'

ಯಾವ ನಮೂದು ಎಂದು ಅದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದೇ ವಿಷಯ ಎರಡು ಕಡೆ ಬರೆದಿರುವುದು ಕೊಳಕು ಎಂದು ಸಂಜೆ ಕ್ಲಾಸಿನಲ್ಲಿ ನಮಗೆ ಬರೆಸಿದ್ದರು, ಕೆಳಗೆ ಗೆರೆ ಬೇರೆ ಎಳೆಸಿದ್ದರು. ನೂರ ಎಂಬತ್ತಾರು ಕಡೆ ಕೊಳಕು ಎಂದುಕೊಂಡು ನಾನು 'ಹೌದು' ಒತ್ತಿದೆ. ಒತ್ತಿದ ಬೆರಳು ಯಾವುದು ಎಂಬುದೂ ನನಗೆ ನೆನಪಿದೆ.

ಅವೆಲ್ಲ 'ರೀ'ಗಳು. ನಮ್ಮೂರಿನ ಹೆಂಗಸರು ಗಂಡನನ್ನು ಕರೆಯುವುದು ಹಾಗೆ. 'ರೀ', 'ಏನ್ರೀ', 'ಅಲ್ರೀ', 'ಕೇಳಿಸ್ತೇನ್ರೀ'. ಪ್ರೋಗ್ರಾಮಿನ ಸಂಬಂಧಗಳ ಪಟ್ಟಿಯಲ್ಲಿ ಇಪ್ಪತ್ತನಾಲ್ಕು ಸಂಬಂಧಗಳಿದ್ದವು, 'ರೀ' ಇರಲಿಲ್ಲ. ಹಾಗಾಗಿ ಅದನ್ನು ಹೆಸರು ಎಂದುಕೊಂಡು, ನೂರ ಎಂಬತ್ತಾರು ಗಂಡಂದಿರನ್ನು ಸೇರಿಸಿ ಒಬ್ಬನನ್ನಾಗಿ ಮಾಡಿತು. ಉಳಿಸಿಕೊಂಡದ್ದು ಪಟ್ಟಿಯಲ್ಲಿ ಮೊದಲು ಬರುವವರನ್ನು. ಅವರು ಮೊದಲನೆಯ ಬೀದಿಯ ಮೊದಲನೆಯ ಮನೆಯ ಶ್ರೀಕಂಠಯ್ಯನವರು, ಕೊಡೆ ರಿಪೇರಿ ಮಾಡುವವರು, ಅರವತ್ತೆಂಟು ವರ್ಷ, ಜೋರಾಗಿ ಕೆಮ್ಮಿದರೆ ಯಾರಿಗಾದರೂ ತೊಂದರೆಯಾದೀತೆಂದು ಅಂಗೈ ಅಡ್ಡ ಹಿಡಿಯುವ ಸ್ವಭಾವ.

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಮೇಲಿನ ಕಚೇರಿಯವರು ಗಾಡಿ ತಂದು ಹಳೆಯ ಕಂಪ್ಯೂಟರನ್ನು ಹೇರಿಕೊಂಡು ಹೋದರು. ಎಂಟೂವರೆಗೆ ಶ್ರೀಕಂಠಯ್ಯನವರ ಫೋನು ಬಡಿದುಕೊಳ್ಳಲು ಶುರುವಾಯಿತು.

ನಾನು ಪುಸ್ತಕದ ಒಂದು ಪ್ರತಿ ತೆಗೆದಿಟ್ಟುಕೊಂಡಿದ್ದೆ. ಅಷ್ಟು ಬುದ್ಧಿ ಇತ್ತು. ಆದರೆ ಆ ಪ್ರತಿ ಹಳೆಯ ಪ್ರೋಗ್ರಾಮಿನಲ್ಲಿ ಮಾತ್ರ ತೆರೆಯುತ್ತದೆ, ಹಳೆಯ ಪ್ರೋಗ್ರಾಂ ಹಳೆಯ ಕಂಪ್ಯೂಟರಿನಲ್ಲಿದೆ, ಹಳೆಯ ಕಂಪ್ಯೂಟರು ಗಾಡಿಯಲ್ಲಿದೆ. ಅದನ್ನು ಗುಜರಿಗೆ ಹಾಕಿದರೆಂದು ಆಮೇಲೆ ತಿಳಿಯಿತು.

ಮಧ್ಯಾಹ್ನದ ಹೊತ್ತಿಗೆ ಶ್ರೀಕಂಠಯ್ಯನವರ ಹೆಂಡತಿ ಪುಟ್ಟತಾಯಮ್ಮ ಕರೆಮನೆಗೆ ಬಂದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಬೆಳಗಿಂದ ಅರವತ್ತು ಹೆಂಗಸರು ನನ್ನ ಗಂಡನ್ನ ರೀ ಅಂದಿದಾರೆ. ನಾನು ಈ ನಲವತ್ತು ವರ್ಷದಲ್ಲಿ ಅಷ್ಟು ಸಲ ಅಂದಿಲ್ಲ."

"ತಪ್ಪಾಗಿದೆ ಅಮ್ಮ. ಸರಿ ಮಾಡ್ತೀನಿ."

"ಅವರಿಗೋ ಬುದ್ಧಿ ಇಲ್ಲ. ನಿಮ್ಮ ಗಂಡ ನಾನಲ್ಲ ಅಂತ ಇಡೋದು ಬಿಟ್ಟು, ಹೂಂ ಹೇಳಿ ಅಂತ ಪುಸ್ತಕ ತಗೊಂಡು ಬರ್ಕೊಳ್ತಿದಾರೆ. ಯಾರಿಗೋ ಕೊತ್ತಂಬರಿ, ಯಾರಿಗೋ ಮಾತ್ರೆ. ಒಬ್ಬಳು ಬೆನ್ನು ನೋವು ಅಂತ ಕಾಲು ಗಂಟೆ ಹೇಳಿದಳಂತೆ, ಇವರು ಕೇಳಿದರಂತೆ. ನನ್ನ ಬೆನ್ನು ಯಾವ ಕಡೆಗಿದೆ ಅಂತ ಗೊತ್ತಾ ಅವರಿಗೆ?" ಅವರು ಬಾಗಿಲವರೆಗೆ ಹೋಗಿ ತಿರುಗಿದರು. "ನಿನಗೆ ಮದುವೆ ಆಗಿದ್ದಿದ್ರೆ ಆ ಗುಂಡಿ ಒತ್ತೋ ಮೊದಲು ಯೋಚನೆ ಮಾಡ್ತಿದ್ದೆ ಕಣೇ ಇಂದು."

ಅದು ನಿಜವಿರಬಹುದು. ನನಗೆ ಮೂವತ್ತೊಂಬತ್ತು. ನಾನು ಯಾರನ್ನೂ ರೀ ಎಂದು ಕರೆದವಳಲ್ಲ. ನೂರ ಎಂಬತ್ತಾರು ಸಲ ಆ ಅಕ್ಷರ ಕಣ್ಣ ಮುಂದೆ ಹಾದುಹೋಗಿದ್ದರೂ ಅದರಲ್ಲಿ ಒಬ್ಬೊಬ್ಬ ಮನುಷ್ಯ ಇದ್ದಾನೆ ಎಂದು ಹೊಳೆದಿರಲಿಲ್ಲ.

ಮೇಲಿನ ಕಚೇರಿಯ ಸಹಾಯದವರನ್ನು ಕರೆಯಬೇಕೆಂದರೆ 'ಮಾನ್ಯರೇ' ಎನ್ನಬೇಕು. ಸಿಟ್ಟಿನಲ್ಲಿ ಅಂದರೆ ಅವರ ಗಂಟೆ ಬಡಿಯುವುದಿಲ್ಲ. ನಾಲ್ಕು ಸಲ ಹೇಳಿದೆ. ಐದನೆಯ ಸಲಕ್ಕೆ ನೀರು ಕುಡಿದು, ಕಣ್ಣು ಮುಚ್ಚಿ, ಮೆತ್ತಗೆ ಹೇಳಿದೆ. ಬಡಿಯಿತು.

"ಸರ್, ನೂರ ಎಂಬತ್ತಾರು ರೀ ಸೇರಿ ಒಂದಾಗಿಬಿಟ್ಟಿವೆ."

"ಏನು ಒಂದಾಗಿವೆ?"

"ರೀ."

"ಏನ್ರೀ?"

"ಏನ್ರೀಗಳೂ ಅದರಲ್ಲೇ ಸೇರಿವೆ ಸರ್."

"ನೋಡಮ್ಮ, ರೀ ಅನ್ನೋದು ಹೆಸರಲ್ಲ. ಹೆಸರಿನ ಜಾಗದಲ್ಲಿ ಹೆಸರು ಹಾಕಿ."

"ಹಾಕಿದರೆ ಗಂಟೆ ಬಡಿಯಲ್ಲ ಸರ್. ಹೆಂಡತಿ ಬಾಯಲ್ಲಿ ಹೆಸರು ಕೇಳಿದರೆ ಅವರು ತಿರುಗಿ ನೋಡಲ್ಲ. ಬೇರೆ ಯಾರನ್ನೋ ಕರೀತಿದಾಳೆ ಅಂದ್ಕೋತಾರೆ."

"ಅದು ನಿಮ್ಮ ಗಂಡಂದಿರ ಸಮಸ್ಯೆ. ನಮ್ಮ ಪ್ರೋಗ್ರಾಮಿನಲ್ಲಿ ಸಮಸ್ಯೆ ಇಲ್ಲ."

ಒಂದಾದದ್ದನ್ನು ಬೇರ್ಪಡಿಸಲು ಸಾಧ್ಯವಿಲ್ಲ, ಎಲ್ಲವನ್ನೂ ಹೊಸದಾಗಿ ಬರೆದುಕೊಳ್ಳಿ, ಆದರೆ ಒಂದೇ ಥರದ ಎರಡು ನಮೂದನ್ನು ಪಟ್ಟಿ ಇನ್ನು ಮುಂದೆ ತೆಗೆದುಕೊಳ್ಳುವುದಿಲ್ಲ ಎಂದು ಹೇಳಿ ಅವರು ಫೋನಿಟ್ಟರು. ಅಂದರೆ ನೂರ ಎಂಬತ್ತಾರು ಹೆಂಗಸರಿಗೆ ನೂರ ಎಂಬತ್ತಾರು ಬೇರೆ ಬೇರೆ ರೀ ಬೇಕು.

ಮಂಗಳವಾರ ಸಂಜೆ ಶ್ರೀಕಂಠಯ್ಯನವರು ತಮ್ಮ ಪುಸ್ತಕ ಹಿಡಿದುಕೊಂಡು ಬಂದರು. ಬೈಯುತ್ತಾರೇನೋ ಎಂದು ಎದ್ದು ನಿಂತೆ. ಅವರು ನನಗೇ ತೊಂದರೆ ಕೊಡುತ್ತಿರುವವರ ಹಾಗೆ ಬಾಗಿಲಲ್ಲೇ ನಿಂತರು.

"ಇದರಲ್ಲಿರೋದನ್ನೆಲ್ಲ ಮನೆಮನೆಗೆ ಹೋಗಿ ತಲುಪಿಸಿದೆ ತಾಯಿ. ದನಿ ಗುರುತು ಸಿಕ್ಕಿದ್ದು ಕೆಲವು. ಸಿಗದೆ ಇದ್ದದ್ದಕ್ಕೆ ಬೀದಿ ತುದಿಯಲ್ಲಿ ನಿಂತು, ಕೊತ್ತಂಬರಿ ಯಾರ ಮನೆಗೆ ಅಂತ ಕೇಳಿದೆ. ಒಂದು ಮಾತ್ರ ಉಳಿದುಹೋಯಿತು. ಅದನ್ನ ಬೀದಿಯಲ್ಲಿ ನಿಂತು ಕೇಳೋ ಹಾಗಿಲ್ಲ."

ಆ ಸಾಲನ್ನು ಅವರು ತೋರಿಸಿದರು. ಸೋಮವಾರ, ಹನ್ನೊಂದು ಗಂಟೆ. 'ರೀ, ಅತ್ತಿಗೆಯನ್ನೂ ಕರ್ಕೊಂಡು ಬನ್ನಿ. ಒಳಕೋಣೆ ಖಾಲಿ ಮಾಡಿದೀನಿ.'

"ಅಷ್ಟು ಹೇಳಿ ಟಪ್ಪಂತ ಇಟ್ಟುಬಿಟ್ಟರು. ನಾನು ಹಲೋ ಅನ್ನೋಕೂ ಬಿಡಲಿಲ್ಲ." ಅವರು ಕನ್ನಡಕ ತೆಗೆದು ಒರೆಸಿದರು. "ಆಯಮ್ಮ ತನ್ನ ಗಂಡನಿಗೇ ಹೇಳಿದೆ ಅಂದ್ಕೊಂಡಿರ್ತಾರಲ್ಲವಾ?"

ಆ ಸಾಲನ್ನು ಇನ್ನೊಂದು ಸಲ ಓದಿದೆ. ಕೊತ್ತಂಬರಿ ತರದಿದ್ದರೆ ಸಾರಿಗೆ ಘಮ ಇರುವುದಿಲ್ಲ, ಅಷ್ಟೆ. ಇದು ಹಾಗಲ್ಲ. ಯಾವುದೋ ಮನೆಯಲ್ಲಿ ಒಬ್ಬ ಹೆಂಗಸು ಕೋಣೆ ಖಾಲಿ ಮಾಡಿಕೊಂಡು, ಬಾ ಎಂದದ್ದಕ್ಕೂ ಬಾರದ ಗಂಡನನ್ನು ಕಾಯುತ್ತಾ ಕೂತಿದ್ದಾಳೆ. ಇನ್ನೆಲ್ಲೋ ಆ ಗಂಡ, ಕರೆಯದ ಹೆಂಡತಿಯ ಕರೆಗೆ ಕಾಯುತ್ತಿದ್ದಾನೆ. ನಡುವೆ ನನ್ನ ಒಂದು ಬೆರಳು.

ಬುಧವಾರ, ಗುರುವಾರ ಕರೆಮನೆಯ ಮುಂದೆ ಹೆಂಗಸರ ಸಾಲು. ಒಬ್ಬೊಬ್ಬರೂ ಮೇಜಿನ ಮುಂದೆ ಕೂತು ತಮ್ಮ ರೀಯನ್ನು ಹೇಳಬೇಕು, ನಾನು ಅದನ್ನು ಬರೆದು, ಗಂಟೆ ಬಡಿಯುತ್ತದೆಯೇ ಎಂದು ನೋಡಬೇಕು. ಮೊದಲನೆಯವರೇ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾ ಹತ್ತು ನಿಮಿಷ ತಿಂದರು.

"ಎಲ್ಲರೆದುರಿಗೆ ಹೇಗೆ ಕರೀಲಿ ಇಂದಕ್ಕ?"

"ಸಂತೆಯಲ್ಲಿ ಕರೆಯಲ್ಲವಾ?"

"ಅಲ್ಲಿ ಅವರಿರ್ತಾರೆ. ಇಲ್ಲಿ ನೀನಿದೀಯ."

ಒಬ್ಬರ ರೀ ಉದ್ದ, ಒಬ್ಬರದು ಗಿಡ್ಡ. ಕೆಲವರದು ಪ್ರಶ್ನೆ, ಕೆಲವರದು ತೀರ್ಪು. 'ಅಯ್ಯೋ ರೀ', 'ಹೋಗ್ರೀ', 'ರೀ ರೀ ರೀ', 'ಇಲ್ಲಿ ಬಂದ್ರೇನ್ರೀ'. ನಾನು ದೀರ್ಘ ಎಳೆದೆ, ಚುಕ್ಕಿ ಇಟ್ಟೆ, ಕೊನೆಯ ಹೆಸರಿನ ಕಾಲಂನಲ್ಲಿ 'ಅಡುಗೆಮನೆಯಿಂದ', 'ಹಿತ್ತಿಲಿನಿಂದ' ಎಂದು ಸೇರಿಸಿದೆ. 'ಈ ನಮೂದು ಈಗಾಗಲೇ ಇದೆ' ಎಂದು ಪ್ರೋಗ್ರಾಂ ಎಷ್ಟು ಸಲ ಅಂದಿತೆಂದರೆ, ವಾಮನಮೂರ್ತಿಯವರು ಹಿಂದಿನಿಂದ ಬಂದು ಅದರ ತೆರೆಯ ಮೇಲೆ ಒಂದು ಟವೆಲು ಹಾಕಿ ಹೋದರು. ಬಟ್ಟೆ ಅಂಗಡಿಯವರ ಸೊಸೆ, "ನಾನು ಕರೆಯೋದೇ ಇಲ್ಲ. ಪಾತ್ರೆ ಕುಕ್ಕುತೀನಿ, ಅವರು ಬರ್ತಾರೆ," ಎಂದಳು. ಅವಳ ಮನೆಯಿಂದ ಒಂದು ಕಂಚಿನ ಚೆಂಬು ತರಿಸಿ, ಮೇಜಿನ ಮೇಲೆ ಕುಕ್ಕಿಸಿ, ಮೊದಲ ಹೆಸರಿನ ಜಾಗದಲ್ಲಿ 'ಠಣ್' ಎಂದು ಬರೆದೆ. ಮೊದಲನೆಯ ಸಲಕ್ಕೇ ಬಡಿಯಿತು. ಆ ಎರಡು ದಿನದಲ್ಲಿ ಅಷ್ಟು ಸುಲಭವಾಗಿ ಮುಗಿದ ಕೆಲಸ ಇನ್ನೊಂದಿಲ್ಲ.

ಬಂದವರಲ್ಲೆಲ್ಲ ಮೆಲ್ಲಗೆ ಕೇಳಿದೆ, ಸೋಮವಾರ ಹನ್ನೊಂದು ಗಂಟೆಗೆ ನೀವೇನಾದರೂ ಕರೆದಿದ್ದಿರಾ ಎಂದು. ಯಾರೂ ಅಲ್ಲ. ಗುರುವಾರ ಸಂಜೆ ಎಣಿಸಿದರೆ ನೂರ ಎಂಬತ್ತೈದು. ಬೀದಿಬೀದಿಯ ಮನೆಗಳ ಪಟ್ಟಿ ಇಟ್ಟುಕೊಂಡು ಒಂದೊಂದಕ್ಕೂ ಟಿಕ್ ಹಾಕುತ್ತಾ ಹೋದೆ. ಟಿಕ್ ಬೀಳದೆ ಉಳಿದದ್ದು ಮಂಡಕ್ಕಿ ಭಟ್ಟಿಯ ನೀಲಮ್ಮನ ಮನೆ.

ನೀಲಮ್ಮ ಭಟ್ಟಿಯಲ್ಲಿ ಮಂಡಕ್ಕಿ ಹುರಿದು ಮಾರುವವರು. ಗಂಡ ಚನ್ನವೀರಪ್ಪ. ಹೊಳೆಯಾಚೆಯ ಸುಣ್ಣದ ಗೂಡಿನ ಕೆಲಸಕ್ಕೆ ಹೋದವರು ತಿಂಗಳಾದರೂ ಮನೆಗೆ ಬಂದಿಲ್ಲ ಎಂದು ಬೀದಿಯವರು ಹೇಳುತ್ತಿದ್ದರು. ನಾನು ಹೋದಾಗ ಅವರ ಜಗಲಿಯ ತುಂಬ ಮಂಡಕ್ಕಿ ಮೂಟೆಗಳು. ಒಳಗೆ ಇರಬೇಕಾದವನ್ನೆಲ್ಲ ಹೊರಗೆ ಪೇರಿಸಿದ್ದರು. ತೆರೆದ ಬಾಗಿಲಿನಿಂದ ಒಳಕೋಣೆ ಕಾಣುತ್ತಿತ್ತು. ಹೊಸದಾಗಿ ಸುಣ್ಣ ಬಳಿದಿತ್ತು, ಒಂದು ಮಂಚ, ಮಂಚದ ಪಕ್ಕದಲ್ಲಿ ಕೈಯೂರಿ ಏಳಲು ಗೋಡೆಗೆ ಬಡಿದ ಒಂದು ಮರದ ಹಿಡಿ. ಮುದುಕಿಯೊಬ್ಬಳಿಗೆಂದೇ ಬಡಿದ ಹಿಡಿ ಅದು. ಅದನ್ನು ನೋಡಿದ ಮೇಲೆ ನಾನು ಕೇಳುವುದೇನೂ ಉಳಿಯಲಿಲ್ಲ.

"ರೀ ಬರೆಸೋಕೆ ಬರಲಿಲ್ಲವಲ್ಲ ನೀಲಮ್ಮ," ಎಂದೆ.

"ನನಗೆ ಬೇಡ," ಎಂದರು. "ಕರೆದಾಯ್ತು. ಬರಲಿಲ್ಲ. ಇನ್ನು ಆ ಫೋನು ತಗೊಂಡು ಹೋಗಿ."

ಹೇಳಿದೆ. ಎಲ್ಲವನ್ನೂ ಹೇಳಿದೆ, ಅರ್ಕಾವತ್ತಿನಿಂದ ಶುರುಮಾಡಿದೆ, ಅದು ಯಾಕೆಂದು ಈಗಲೂ ಗೊತ್ತಾಗುತ್ತಿಲ್ಲ. ಅವರು ಹುರಿಯುವುದನ್ನು ನಿಲ್ಲಿಸಲಿಲ್ಲ. ನನ್ನ ಮಾತು ಮುಗಿದ ಮೇಲೆ ಭಟ್ಟಿಯಿಂದ ಜರಡಿ ಇಳಿಸಿ ಕೇಳಿದರು, "ಹಾಗಾದರೆ ಅದನ್ನ ಕೇಳಿದ್ದು ಕೊಡೆ ಶ್ರೀಕಂಠಯ್ಯ?"

"ಹೌದು."

"ಅವರು ಏನಂದರು?"

"ಏನೂ ಅನ್ನಲಿಲ್ಲ. ಬರ್ಕೊಂಡರು."

ನೀಲಮ್ಮ ನಕ್ಕರು, ಆ ನಗು ಅರ್ಧಕ್ಕೇ ನಿಂತಿತು. ಚನ್ನವೀರಪ್ಪನ ಅಕ್ಕ ಹಾಲಮ್ಮ ಹೊಳೆಯಾಚೆ ಒಬ್ಬರೇ ಇರುವುದು, ಅವರನ್ನು ಇಲ್ಲಿಗೆ ಕರೆತರುತ್ತೇನೆಂದು ಗಂಡ ಹೇಳಿದ್ದು, ಮೂಟೆ ಇಡೋಕೇ ಜಾಗವಿಲ್ಲ, ಆಯಮ್ಮನನ್ನ ಎಲ್ಲಿಡಲಿ ಎಂದು ತಾವು ಅಂದದ್ದು, ಅಂದ ದಿನವೇ ಗಂಡ ಬುತ್ತಿ ಕೂಡ ತೆಗೆದುಕೊಳ್ಳದೆ ದೋಣಿ ಹತ್ತಿದ್ದು, ಎಲ್ಲ ಅವರೇ ಹೇಳಿದರು. "ನಾಳೆಗೆ ಗೂಡು ಆರಿಸ್ತಾರೆ. ಶನಿವಾರದ ದೋಣಿಗೆ ಅಕ್ಕನ್ನ ಕರ್ಕೊಂಡು ಮೇಲಿನ ಸೀಮೆಗೆ ಹೋಗ್ತಾರಂತೆ. ಅಲ್ಲಿ ಯಾರೋ ನೆಂಟರಿದಾರೆ. ಅಲ್ಲಿಗೆ ನಮ್ಮ ಫೋನು ಬಡಿಯಲ್ಲ."

"ಯಾರನ್ನಾದರೂ ಕಳಿಸೋಣ. ನಾನೇ ಹೋಗಿ ಹೇಳ್ತೀನಿ, ತಪ್ಪು ನನ್ನದು ಅಂತ."

"ಬೇಡ. ಬೇರೆಯವರ ಬಾಯಲ್ಲಿ ಹೋದರೆ, ಊರವರ ಕೈಲಿ ಪಂಚಾಯಿತಿ ಮಾಡಿಸಿದಳು ಅಂತಾರೆ. ಅವರಿಗೆ ಅದು ಆಗಲ್ಲ."

"ಹಾಗಾದರೆ ಇನ್ನೊಂದು ಸಲ ಕರೀರಿ."

ಅವರು ನನ್ನನ್ನೇ ನೋಡಿದರು. "ಆ ಒಂದು ಸಲಕ್ಕೆ ನನಗೆ ಇಪ್ಪತ್ತಾರು ದಿನ ಹಿಡೀತು ಇಂದುಮತಿ. ನಿಮಗೇನು, ಗುಂಡಿ ಒತ್ತಿಬಿಟ್ಟಿರಿ."

ನಾನು ತಿರುಗಿ ಬಂದೆ. ಬರುವಾಗ ಅವರು ಒಂದು ಸೇರು ಮಂಡಕ್ಕಿ ಕಟ್ಟಿಕೊಟ್ಟರು. ಬೇಡವೆಂದು ಹೇಳಲೂ ನನಗೆ ಧೈರ್ಯವಾಗಲಿಲ್ಲ.

ಶುಕ್ರವಾರ ಕರೆಮನೆ ಮುಚ್ಚುವುದಕ್ಕೆ ಅರ್ಧ ಗಂಟೆ ಇರುವಾಗ ನೀಲಮ್ಮ ಬಂದರು. ಒಗೆದ ಸೀರೆ ಉಟ್ಟಿದ್ದರು. ಮೇಜಿನ ಮುಂದೆ ನೆಟ್ಟಗೆ ಕೂತು, "ರೀ," ಎಂದರು.

'ಈ ನಮೂದು ಈಗಾಗಲೇ ಇದೆ.'

ದೀರ್ಘ ಎಳೆದೆ. ತೆಗೆದುಕೊಂಡಿತು, ಸುಣ್ಣದ ಗೂಡಿನ ಕಡೆ ಗಂಟೆ ಬಡಿಯಲಿಲ್ಲ. ಚುಕ್ಕಿ ಇಟ್ಟೆ, ಬಡಿಯಲಿಲ್ಲ. 'ಭಟ್ಟಿಯಿಂದ' ಎಂದು ಸೇರಿಸಿದೆ, ಬಡಿಯಲಿಲ್ಲ. ಅವರು ಒಂದೊಂದು ಸಲ ಕರೆದಾಗಲೂ ದನಿ ಇನ್ನಷ್ಟು ಸಣ್ಣದಾಗುತ್ತಿತ್ತು. ಹನ್ನೆರಡು ಸಲ ಆದ ಮೇಲೆ ಅವರು ಸಾಕು ಎಂದು ಕೈಯೆತ್ತಿದರು. "ತಿರುಗಿ ನೋಡಲ್ಲ ಅಂತ ತೀರ್ಮಾನ ಮಾಡಿದಾರೆ ಅವರು," ಎಂದರು. "ಪುಸ್ತಕದ್ದೇನೂ ತಪ್ಪಿಲ್ಲ."

ಹಾಗೆ ಇರಲೂಬಹುದಿತ್ತು. ತಪ್ಪು ನನ್ನ ಬರವಣಿಗೆಯದೋ, ಆ ಮನುಷ್ಯನ ಮನಸ್ಸಿನದೋ ಹೇಳುವುದು ಹೇಗೆ? ಪ್ರೋಗ್ರಾಮಿಗೆ ಎರಡೂ ಒಂದೇ. ಆ ಹೊತ್ತಿನಲ್ಲಿ ಅದನ್ನು ಎತ್ತಿ ಹೊಳೆಗೆ ಎಸೆದಿದ್ದರೆ ನನಗೆ ಪಶ್ಚಾತ್ತಾಪವಾಗುತ್ತಿರಲಿಲ್ಲ, ಸರ್ಕಾರಿ ಆಸ್ತಿ ಎಂಬ ಭಯ ಮಾತ್ರ ಇತ್ತು.

ವಾಮನಮೂರ್ತಿಯವರು ಅಷ್ಟರಲ್ಲಿ ಯಾರೂ ಕೇಳದೆಯೇ ಹೋಗಿ ಶ್ರೀಕಂಠಯ್ಯನವರನ್ನು ಕರೆತಂದಿದ್ದರು. ಅವರು ಕೆಲಸದ ನಡುವೆ ಎದ್ದು ಬಂದವರು, ಕೊಡೆ ಕಡ್ಡಿಗಳ ಕಬ್ಬಿಣದ ಪೆಟ್ಟಿಗೆಯನ್ನೂ ಹೊತ್ತು ತಂದಿದ್ದರು. ನೀಲಮ್ಮನನ್ನು ಕಂಡು ತಲೆ ತಗ್ಗಿಸಿ ನಿಂತರು. ನೀಲಮ್ಮ ಗೋಡೆಯ ಕಡೆ ತಿರುಗಿದರು.

"ಅವತ್ತು ಕೇಳಿದ್ದು ಇದಲ್ಲ," ಎಂದರು ಶ್ರೀಕಂಠಯ್ಯ ನನಗೆ. "ಬರೀ ರೀ ಅಲ್ಲ ತಾಯಿ. ಅದರ ಮುಂದೆ ಒಂದು ಉಸಿರಿತ್ತು. ಭಾರ ಇಳಿಸಿದ ಮೇಲೆ ಬಿಡ್ತೀವಲ್ಲ, ಆ ಥರ. ಹ್... ರೀ. ಹ್ರೀ."

"ಅದು ಮೂಟೆ ಇಳಿಸಿ ಕರೆದದ್ದು," ಎಂದರು ನೀಲಮ್ಮ, ಗೋಡೆಗೆ ಹೇಳುವಂತೆ. "ಯಾವಾಗಲೂ ಮೂಟೆ ಇಳಿಸಿಯೇ ಕರೆಯೋದು. ಸುಮ್ಮನೆ ಕೂತು ಅವರನ್ನ ಕರೆದವಳಲ್ಲ ನಾನು."

ನಾನು 'ಹ್ರೀ' ಎಂದು ಬರೆದೆ. ಅಂಥದ್ದು ಪಟ್ಟಿಯಲ್ಲಿ ಇನ್ನೊಂದಿರಲಿಲ್ಲ, ತೆಗೆದುಕೊಂಡಿತು. ನೀಲಮ್ಮ ಹೇಳಿ ನೋಡಿದರು. ಬರಲಿಲ್ಲ, ಕೂತಲ್ಲಿ ಆ ಉಸಿರು ಹುಟ್ಟುತ್ತಿರಲಿಲ್ಲ. ಶ್ರೀಕಂಠಯ್ಯನವರು ತಮ್ಮ ಪೆಟ್ಟಿಗೆಯನ್ನು ಮೆಲ್ಲಗೆ ಅವರ ಕಾಲ ಬಳಿಗೆ ತಳ್ಳಿದರು. "ಭಾರ ಇದೆಯಮ್ಮ. ಎತ್ತಿ ನೋಡಿ."

ನೀಲಮ್ಮ ಸೆರಗು ಸಿಕ್ಕಿಸಿ, ಪೆಟ್ಟಿಗೆಯನ್ನು ಎದೆಯವರೆಗೆ ಎತ್ತಿ, ಒಂದು ಕ್ಷಣ ಹಿಡಿದು, ಮೂಲೆಯಲ್ಲಿ ಫೋನಿಟ್ಟಿರುವ ಗಾಜಿನ ಮಾತಿನ ಕೋಣೆಯ ಹಲಗೆಯ ಮೇಲೆ ಇಳಿಸಿದರು. ಇಳಿಸುತ್ತಲೇ ರಿಸೀವರ್ ಎತ್ತಿ ಕರೆದರು. "ಹ್ರೀ."

ಹೊಳೆಯಾಚೆ ಗಂಟೆ ಬಡಿಯಿತು. ಒಂದು, ಎರಡು, ಮೂರು. ಆರನೆಯದಕ್ಕೆ ಯಾರೋ ಎತ್ತಿದರು. "ಹ್ಞೂಂ," ಎಂದಿತು ಒಂದು ಗಂಡು ದನಿ. ಅಲ್ಲಿಯವರೆಗೆ ಕೇಳುವುದು ನನ್ನ ಕೆಲಸ. ನಾನು ನನ್ನ ಹೆಡ್‌ಫೋನನ್ನು ಕಿವಿಯಿಂದ ತೆಗೆದು ಕೆಳಗಿಟ್ಟೆ. ಶ್ರೀಕಂಠಯ್ಯನವರು ತಮ್ಮ ಕಿವಿಯಲ್ಲಿ ಏನೂ ಇಲ್ಲದಿದ್ದರೂ ಹೊರಗೆ ಹೋದರು. ಗಾಜಿನ ಆಚೆ ನೀಲಮ್ಮನ ಬೆನ್ನು ಮಾತ್ರ ಕಾಣುತ್ತಿತ್ತು. ಎರಡು ನಿಮಿಷವೂ ಆಗಿರಲಿಲ್ಲ, ರಿಸೀವರ್ ಇಟ್ಟು ಹೊರಬಂದರು.

"ಆಯಿತಾ?" ಎಂದು ವಾಮನಮೂರ್ತಿಯವರು ಕೇಳಿಬಿಟ್ಟರು.

"ಬಡಿಯಿತಲ್ಲ," ಎಂದು ಹೇಳಿ ಅವರು ಹೊರಟುಹೋದರು.

ಶನಿವಾರ ನಾನು ಹೊಳೆಯ ಕಡೆ ಹೋಗಲಿಲ್ಲ. ಹೋಗುವ ಮುಖವಿರಲಿಲ್ಲ. ದೋಣಿ ಮೇಲಿನ ಸೀಮೆಗೆ ಹೊರಡುವ ಸದ್ದು ಕರೆಮನೆಗೂ ಕೇಳಿಸುತ್ತದೆ, ಕೇಳಿಸಿತು. ಯಾರು ಹತ್ತಿದರು, ಯಾರು ಹತ್ತಲಿಲ್ಲ ಎಂದು ಯೋಚಿಸುತ್ತಾ ದಿನವಿಡೀ ಅರ್ಜಿಗಳ ಮೇಲೆ ತಪ್ಪು ಮೊಹರು ಒತ್ತುತ್ತಾ ಕೂತಿದ್ದೆ.

ಸೋಮವಾರ ಬೆಳಿಗ್ಗೆ ನೀಲಮ್ಮ ಒಬ್ಬ ಮುದುಕಿಯ ತೋಳು ಹಿಡಿದುಕೊಂಡು ಬಂದರು. ಹಿಂದೆ ಹೊಸ್ತಿಲಾಚೆ ಚನ್ನವೀರಪ್ಪ ನಿಂತಿದ್ದರು, ರೆಪ್ಪೆಯಲ್ಲೂ ಸುಣ್ಣದ ಪುಡಿ. ಒಳಗೆ ಬರಲಿಲ್ಲ. ಮುದುಕಿ ಹಾಲಮ್ಮ. ಊರಿಗೆ ಹೊಸದಾಗಿ ಬಂದವರು, ಅವರ ಕರೆಗಳನ್ನು ಪುಸ್ತಕಕ್ಕೆ ಸೇರಿಸಬೇಕು. ನಾನು ಹೊಸ ಅರ್ಜಿ ತೆಗೆದು ಒಂದೊಂದೇ ಕೇಳಿದೆ.

"ತಮ್ಮನನ್ನ ಏನಂತ ಕರೀತೀರಿ ಅಮ್ಮ?"

"ಚನ್ನೂ."

ಬರೆದೆ. ಹೊಸ್ತಿಲಾಚೆ ಅವರು ತಿರುಗಿ ನೋಡಿದ್ದು ಕಂಡಿತು.

"ಇವರನ್ನ?"

ಹಾಲಮ್ಮ ಪಕ್ಕದಲ್ಲಿದ್ದ ನೀಲಮ್ಮನನ್ನು ಮೇಲಿನಿಂದ ಕೆಳಗೆ ನೋಡಿದರು. ನೀಲಮ್ಮ ಮೇಜಿನ ಅಂಚನ್ನು ನೋಡುತ್ತಿದ್ದರು.

"ಎದುರಿಗೆ ಇನ್ನೂ ಏನೂ ಕರೆದಿಲ್ಲ ಮಗಳೇ. ಹಿಂದೆ ಕರೆದದ್ದನ್ನ ಬರೆಯೋದು ಬೇಡ. ಖಾಲಿ ಬಿಡು."

'ಹೆಸರಿನ ಜಾಗವನ್ನು ಖಾಲಿ ಬಿಡುವಂತಿಲ್ಲ,' ಎಂದಿತು ಪ್ರೋಗ್ರಾಂ. ನಾನು ಇನ್ನೊಂದು ಸಲ ಒತ್ತಿದೆ. ಅದನ್ನೇ ಹೇಳಿತು. ಏನಾದರೊಂದು ಬರೆದುಬಿಡಿ, ಆಮೇಲೆ ಬದಲಾಯಿಸಬಹುದು ಎಂದು ವಾಮನಮೂರ್ತಿಯವರು ಹಿಂದಿನಿಂದ ಹೇಳಿದರು. ಏನಾದರೊಂದು ಬರೆಯಲು ನನಗೆ ಕೈ ಬರಲಿಲ್ಲ. ಅರ್ಜಿಯನ್ನು ತೆಗೆದು ಪಕ್ಕಕ್ಕಿಟ್ಟೆ. "ಆದಾಗ ಬಂದು ಹೇಳಿ," ಎಂದೆ. "ಆಗಲಿ," ಎಂದರು ಹಾಲಮ್ಮ. ಮೂವರೂ ಬಿಸಿಲಿಗೆ ಇಳಿದು ಹೋದರು, ಚನ್ನವೀರಪ್ಪ ಮುಂದೆ, ಹೆಂಗಸರಿಬ್ಬರೂ ಹಿಂದೆ, ಮೆಲ್ಲಗೆ.

ಅದಾಗಿ ಏಳು ವಾರವಾಯಿತು. ಶುಕ್ರವಾರ ಆ ಎರಡು ನಿಮಿಷದಲ್ಲಿ ನೀಲಮ್ಮ ಏನು ಹೇಳಿದರೋ ನನಗೆ ಗೊತ್ತಿಲ್ಲ. ಅವರು ಹೇಳಿದ್ದಕ್ಕೇ ಆ ಇಬ್ಬರೂ ಬಂದರೋ, ಬರುವುದೆಂದು ಮೊದಲೇ ಮನಸ್ಸು ಮಾಡಿದ್ದರೋ, ಅದೂ ಗೊತ್ತಿಲ್ಲ. ಹಾಲಮ್ಮನವರ ಅರ್ಜಿ ಇನ್ನೂ ನನ್ನ ಮೇಜಿನ ಮೇಲಿದೆ. ಒಂದೇ ಸೂರಿನಡಿ ಇರುವವರಿಗೆ ಫೋನು ಬೇಕಾಗಿಲ್ಲದೆ ಬಂದಿಲ್ಲವೋ, ಕರೆಯಲು ಏನೂ ಸಿಕ್ಕಿಲ್ಲದೆ ಬಂದಿಲ್ಲವೋ, ಕೇಳುವುದು ನನ್ನ ಕೆಲಸವಲ್ಲವಾದ್ದರಿಂದ ನಾನು ಕೇಳಿಲ್ಲ.